ದನಿ ಕಟ್ಟಿದ ಮೇಲೂ ದಾನಿಗಳನ್ನು ಕರೆದವರು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಬೆಳಗಿನ ಆಜಾನ್ ಮುಗಿದು ಆಟೊಗಳು ಒಂದೊಂದಾಗಿ ಸದ್ದು ಮಾಡತೊಡಗುವ ಹೊತ್ತು. ಜೀನ್ಸ್ ಹೊಲಿಯುವ ಘಟಕವೊಂದರ ಮೇಲಿನ ಕೋಣೆಯಲ್ಲಿ ಪಂಪಾವತಿ ಆಗಲೇ ಕಸ ಗುಡಿಸಿ, ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪರದೆಯ ತುಂಬ ಹಸಿರು ಗುರುತುಗಳು, ನಡುವೆ ಒಂದೇ ಒಂದು ಕೆಂಪು. ದೇಶನೂರಿನ ರಕ್ತದಾನಿಯೊಬ್ಬರಿಗೆ ಸಂದೇಶ ತಲುಪಿಲ್ಲ, ಅವರ ನಂಬರ್ ಬದಲಾಗಿದೆ. ಪಂಪಾವತಿ ಅದೇ ಊರಿನ ಇನ್ನೊಬ್ಬ ಸದಸ್ಯರಿಗೆ ಎರಡು ಸಾಲು ಟೈಪ್ ಮಾಡಿ ಕಳಿಸುತ್ತಾರೆ. ಪಕ್ಕದ ಚಹಾ ಮುಟ್ಟುವುದು ಹೊಸ ನಂಬರ್ ಬಂದ ಮೇಲೆಯೇ.

“ಇವತ್ತು ಈ ಕೆಂಪು ಹಂಗ ಬಿಟ್ರ, ಶುಕ್ರವಾರ ಒಂದು ಕೂಸು ಬಂದು ಸುಮ್ನ ಕುಂದರಬೇಕಾಗತೈತ್ರಿ” ಎನ್ನುತ್ತಾರೆ. ಮಾತು ತಗ್ಗಿದ ದನಿಯಲ್ಲಿ, ಒಡೆದೊಡೆದು ಬರುತ್ತದೆ. ಕೇಳಲು ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಬೇಕಾಗುತ್ತದೆ.

ಈ ಕೋಣೆ ಒಂದು ರಕ್ತದಾನಿಗಳ ಬಳಗದ ಕಚೇರಿ. ಥಲಸ್ಸೀಮಿಯಾ ಇರುವ ಮಕ್ಕಳ ಮೈಯಲ್ಲಿ ರಕ್ತ ಸಾಕಷ್ಟು ಹುಟ್ಟುವುದಿಲ್ಲ. ಕೆಲವು ವಾರಗಳಿಗೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು. ಹಾಗೆ ಸುತ್ತಲಿನ ಊರುಗಳಿಂದ ಬರುವ ಮಕ್ಕಳಿಗೆ ದಾನಿಗಳನ್ನು ಹೊಂದಿಸುವುದು ಬಳಗದ ಕೆಲಸ. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಮದುವೆಯಾಗಿ ಬಂದ ಪಂಪಾವತಿ ಮೊದಲು ಕೆಳಗಿನ ಘಟಕದಲ್ಲಿ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದರು. ಮೇಲೆ ಫೋನ್ ಮಾಡಲು ಜನ ಬೇಕೆಂದಾಗ ಮೆಟ್ಟಿಲು ಹತ್ತಿದರು. ಎದುರಿನವರು ಕನ್ನಡದವರಾದರೆ ಕನ್ನಡ, ತೆಲುಗಿನವರಾದರೆ ತೆಲುಗು, ಉರ್ದುವಿನವರಾದರೆ ತಮಗೆ ಬಂದಷ್ಟು ಉರ್ದು. ಮಧ್ಯಾಹ್ನದ ಊಟದ ಹೊತ್ತಿನಲ್ಲೂ ಕಿವಿಗೆ ಫೋನ್ ಇರುತ್ತಿತ್ತು.

ಎರಡು ವರ್ಷದ ಹಿಂದೆ ಗಂಟಲು ಕೈಕೊಟ್ಟಿತು. ಮೊದಲು ನೆಗಡಿ ಎಂದುಕೊಂಡರು. ಧ್ವನಿತಂತುವಿನ ಮೇಲೆ ಗಂಟು ಎದ್ದಿದೆ ಎಂದ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು, ಆಮೇಲೂ ಬಹಳ ಕಾಲ ಮಾತು ಬೇಡ ಎಂದರು. ಬಳಗದ ಅಧ್ಯಕ್ಷ, ಔಷಧ ಅಂಗಡಿಯ ಮರಿಬಸಪ್ಪ, ಗಿರಾಕಿಗಳ ನಡುವೆಯೇ ತಾವು ಕರೆ ಮಾಡಲು ನೋಡಿದರು. ಆಗಲಿಲ್ಲ. ಬೇರೆ ಯಾರನ್ನಾದರೂ ಹುಡುಕುವ ಮಾತು ಬಂತು.

“ಮಾತಾಡಾಕ ಬರಾಂಗಿಲ್ಲ ಅಂದ್ರ ಕೆಲ್ಸ ಬರಾಂಗಿಲ್ಲ ಅಂತಾತೇನ್ರಿ? ನಂಗ ಅದು ಒಪ್ಪಿಗಿ ಆಗ್ಲಿಲ್ಲ” ಎಂದು ಪಂಪಾವತಿ ನೆನೆಯುತ್ತಾರೆ.

ಬಳಗಕ್ಕೆ ಸದಸ್ಯತ್ವದ ಸಾಫ್ಟ್‌ವೇರ್ ಮೊದಲೇ ಇತ್ತು. ದಾನಿಯ ಹೆಸರು, ಊರು, ರಕ್ತದ ಗುಂಪು, ಹಿಂದೆ ರಕ್ತ ಕೊಟ್ಟ ದಿನ ಎಲ್ಲ ಅದರಲ್ಲಿದ್ದವು. ಯಾವ ಮಗು ಎಂದು ಬರುತ್ತದೆ ಎಂಬುದು ಆನ್‌ಲೈನ್ ಕ್ಯಾಲೆಂಡರಿನಲ್ಲಿತ್ತು. ಆದರೆ ಒಂದರೊಳಗಿನ ಸುದ್ದಿ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ನೋಡಿ, ತಾಳೆ ಹಾಕಿ, ಕರೆ ಮಾಡುತ್ತಿದ್ದವರು ಪಂಪಾವತಿಯೇ.

ದಾರಿ ಸಿಕ್ಕಿದ್ದು ಕುರುಗೋಡಿನಲ್ಲಿ ಜಿಮ್ ನಡೆಸುವ ವೀರೇಶ್ ಅವರಿಂದ. ರಕ್ತ ಕೊಡಲು ಬಂದಿದ್ದ ಅವರು ತಮ್ಮ ಫೋನಿನ ಕ್ಯಾಲೆಂಡರಿನಲ್ಲಿ ಮರುದಿನದ ತರಗತಿಯ ಹೊತ್ತು ತಿದ್ದಿದರು. ಸ್ವಲ್ಪ ಹೊತ್ತಿಗೆ, ಸದಸ್ಯರಿಗೆಲ್ಲ ಸಂದೇಶ ಹೋಗಿದೆ ಎಂದು ಅದೇ ಫೋನು ತೋರಿಸಿತು. ಯಾರು ಕಳಿಸಿದರೆಂದು ಪಂಪಾವತಿ ಸನ್ನೆಯಲ್ಲೇ ಕೇಳಿದರು. ಯಾರೂ ಕಳಿಸಿಲ್ಲ, ಎರಡು ಆ್ಯಪ್‌ಗಳ ನಡುವೆ ಕೊಂಡಿ ಹಾಕಿಟ್ಟಿದ್ದೇನೆ, ಕೋಡ್ ಬರೆಯುವುದೇನೂ ಬೇಕಿಲ್ಲ, ಇಂಥದ್ದಾದರೆ ಇಂಥದ್ದು ಮಾಡು ಎಂದು ಆರಿಸಿ ಕೊಟ್ಟರೆ ಸಾಕು ಎಂದರು ವೀರೇಶ್. “ಅಕ್ಕಾ, ನಿಮ್ಮ ಕೆಲ್ಸಕ್ಕೂ ಇದು ಬರತೈತಿ. ಕುಂತು ಕಲೀರಿ, ನಾ ಹೇಳ್ತೀನಿ” ಎಂದು ಭರವಸೆಯನ್ನೂ ಕೊಟ್ಟರು.

ಭಾನುವಾರಗಳಂದು ವೀರೇಶ್ ಬಂದರು, ಪಂಪಾವತಿ ಕಲಿತರು. ಮೊದಲ ಸಲ ಕೊಂಡಿ ಚಾಲೂ ಮಾಡಿದಾಗ ರಕ್ತದ ಗುಂಪು ನೋಡು ಎಂದು ಅದಕ್ಕೆ ಹೇಳುವುದೇ ಮರೆತುಹೋಗಿತ್ತು. ಒಂದು ಮಗುವಿನ ಹೆಸರಿಗೆ ಎಲ್ಲ ದಾನಿಗಳಿಗೂ ಸಂದೇಶ ಹೋಯಿತು. ಮರುದಿನ ಆಸ್ಪತ್ರೆಯ ರಕ್ತನಿಧಿಯ ಮುಂದೆ ಜಾತ್ರೆಯೇ ನೆರೆಯಿತು. ಹೋದ ತಿಂಗಳಷ್ಟೇ ರಕ್ತ ಕೊಟ್ಟವರೂ ಅಂಗಿಯ ತೋಳು ಮಡಚಿ ನಿಂತಿದ್ದರು. ಮರಿಬಸಪ್ಪ ಇದರ ಸಹವಾಸವೇ ಸಾಕು ಎಂದರು. ಪಂಪಾವತಿ ಒಂದು ಚೀಟಿಯಲ್ಲಿ ‘ಇನ್ನೊಂದು ವಾರ ಕೊಡ್ರಿ’ ಎಂದು ಬರೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದರು.

ಆ ವಾರದಲ್ಲಿ ಗುಂಪು ಹೊಂದಬೇಕು, ಹಿಂದಿನ ದಾನಕ್ಕೆ ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ತುಂಬಿರಬೇಕು ಎಂಬ ಷರತ್ತುಗಳನ್ನು ಸೇರಿಸಿದರು. ರಕ್ತದ ಪರೀಕ್ಷೆಗೆ ಸಮಯ ಬೇಕಾದ್ದರಿಂದ ಸಂದೇಶ ಮುಂಚಿತವಾಗಿಯೇ ಹೋಗುವಂತೆ ಮಾಡಿದರು. ನಾಟಿಯ ದಿನಗಳಲ್ಲಿ ಹಚ್ಚೊಳ್ಳಿ, ದೇಶನೂರಿನವರು ಗದ್ದೆಯಲ್ಲಿ ಫೋನ್ ನೋಡುವುದಿಲ್ಲವೆಂದು ತವರಿನ ಅನುಭವದಿಂದ ಗೊತ್ತಿತ್ತು. ಅವರಿಗೆ ಮಾತ್ರ ಸಂದೇಶ ಸಂಜೆ ಹೋಗುತ್ತದೆ.

ಎಲ್ಲ ಸರಿಹೋಯಿತು ಎನ್ನುವಾಗಲೇ ಆ ಸೋಮವಾರ ಬಂತು. ಕುರುಗೋಡಿನ ಐಶ್ವರ್ಯ ಎಂಬ ಹುಡುಗಿಗೆ ಗುರುವಾರ ರಕ್ತ ಏರಿಸಬೇಕಿತ್ತು. ಮಗು ಸುಸ್ತಾಗುತ್ತಿದೆಯೆಂದು ವೈದ್ಯರು ಅದನ್ನು ಮೂರು ದಿನ ಮುಂಚಿನ ಸೋಮವಾರಕ್ಕೇ ತಂದರು. ಪಂಪಾವತಿ ಕ್ಯಾಲೆಂಡರಿನಲ್ಲಿ ದಿನ ಬದಲಿಸಿ ನಿಶ್ಚಿಂತೆಯಿಂದಿದ್ದರು. ಆದರೆ ಕೊಂಡಿ ಹೊಸದಾಗಿ ಬರೆದದ್ದನ್ನಷ್ಟೇ ಗಮನಿಸುತ್ತಿತ್ತು, ತಿದ್ದಿದ್ದನ್ನಲ್ಲ. ದಿನ ಬದಲಾಗಿದೆ ಎಂದು ಯಾವ ದಾನಿಗೂ ಸಂದೇಶ ಹೋಗಲಿಲ್ಲ. ಸೋಮವಾರ ತಾಯಿ ಕೊಟ್ರಬಸಮ್ಮ ಮಗಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದಾಗ ಅವಳ ಗುಂಪಿನ ರಕ್ತ ಇರಲಿಲ್ಲ.

ಸುದ್ದಿ ತಿಳಿದಾಗ ಪಂಪಾವತಿಗೆ ಕೂಗಲು ದನಿಯಿಲ್ಲ, ಸಂದೇಶ ಕಳಿಸಿ ಕಾಯಲು ಹೊತ್ತಿಲ್ಲ. ಅದೇ ರಕ್ತದ ಗುಂಪಿನ ದಾನಿ ಹುಲುಗೇಶ ಎರಡು ಓಣಿಯಾಚೆ ಪ್ಯಾಂಟು ಕತ್ತರಿಸುವ ಕೆಲಸದಲ್ಲಿದ್ದಾರೆಂದು ನೆನಪಾಯಿತು. ಓಡಿದರು. ಯಂತ್ರಗಳ ಗದ್ದಲದಲ್ಲಿ ಅವರ ತೋಳು ಹಿಡಿದು, ತಮ್ಮ ಫೋನಿನಲ್ಲಿದ್ದ ಐಶ್ವರ್ಯಳ ಫೋಟೊ ತೋರಿಸಿದರು. ಹುಲುಗೇಶ ಕತ್ತರಿ ಕೆಳಗಿಟ್ಟು ಆಟೊ ಹತ್ತಿದರು. ಪರೀಕ್ಷೆಯೆಲ್ಲ ಮುಗಿದು ರಕ್ತ ಹನಿಯತೊಡಗಿದಾಗ ಸಂಜೆಯಾಗಿತ್ತು. ಅಲ್ಲಿಯವರೆಗೆ ಮಂಚದ ಪಕ್ಕ ಕೂತಿದ್ದ ಪಂಪಾವತಿಗೆ ಕೊಟ್ರಬಸಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಪಂಪಾವತಿ.

ಮರುದಿನ ಬೆಳಿಗ್ಗೆಯೇ ಎರಡನೆಯ ಕೊಂಡಿ ಹಾಕಿದರು. ಈಗ ದಿನ ತಿದ್ದಿದರೂ, ಅಳಿಸಿದರೂ ದಾನಿಗೆ ತಿಳಿಯುತ್ತದೆ. ಅಷ್ಟಕ್ಕೇ ನಂಬಿ ಕೂರುವುದಿಲ್ಲ. ದಿನವೂ ಬೆಳಗಾಗುತ್ತಲೇ ಬಂದು, ಹೋದ ಸಂದೇಶಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. “ಮಷೀನು ತನಗ ಹೇಳಿದ್ದಷ್ಟ ಮಾಡತೈತ್ರಿ. ಹೇಳೋದು ಬಿಟ್ಟಿದ್ದು ನಾನಲ್ಲೇನು?”

ಈಗ ದನಿ ಅರ್ಧದಷ್ಟು ಮರಳಿದೆ. ಬೇಕೆಂದರೆ ದಿನಕ್ಕೆ ನಾಲ್ಕಾರು ಕರೆ ಮಾಡಬಹುದು. ಸಿರುಗುಪ್ಪದ ಇನ್ನೊಂದು ಬಳಗದವರು ತಮಗೂ ಹೀಗೇ ಹೊಂದಿಸಿಕೊಡಿ ಎಂದಿದ್ದಾರೆ. ಮುಂದಿನ ಭಾನುವಾರ ಅಲ್ಲಿಗೆ ಹೊರಟಿದ್ದಾರೆ.

ಇಷ್ಟೆಲ್ಲ ಮಾಡಿದ್ದರಲ್ಲಿ ಮನಸ್ಸಿಗೆ ಹಿತವಾದದ್ದು ಯಾವುದೆಂದು ಕೇಳಿದೆ. ಪಂಪಾವತಿ ಬಿಸಿನೀರು ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡರು.

“ಕೊಟ್ರಬಸಮ್ಮ ಮೊದ್ಲೆಲ್ಲ ನನ್ನ ಮಾರಿ ನೋಡಿದ ಕೂಡ್ಲೆ ‘ರಕ್ತ ಸಿಕ್ತೇನಕ್ಕಾ’ ಅಂತ ಕೇಳ್ತಿದ್ಳು. ಹೋದ ಸಲ ಬಂದಾಗ ಅದರ ಸುದ್ದೀನ ಎತ್ತಲಿಲ್ರಿ. ‘ಮಗಳಿಗೆ ನಾಳಿ ಸಾಲ್ಯಾಗ ಪರೀಕ್ಷಿ ಐತಿ, ಮಧ್ಯಾಹ್ನದ ಬಸ್ಸು ಸಿಗತೈತೇನಕ್ಕಾ’ ಅಂತ ಕೇಳಿದ್ಳು.”