ಬಸ್ಸಿನಲ್ಲಿ ಒಂಬತ್ತು ಚೌಕ

ಕೋಲಾರದಿಂದ ಶ್ರೀನಿವಾಸಪುರದ ಮಾವಿನ ಮಂಡಿಗೆ, ತೂಕದ ಯಂತ್ರ ರಿಪೇರಿ ಮಾಡೋಕೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಮೊಬೈಲ್ ಚಾಚಿದಳು. ಅದರಲ್ಲಿ ಒಂಬತ್ತು ಚೌಕ. ಅವಳು ಆಡುವ ಗೇಮಿನಲ್ಲಿ ಪ್ರತಿ ಪಾತ್ರವೂ ಒಳ್ಳೆಯದೋ ಕೆಟ್ಟದ್ದೋ, ರೂಲ್ಸು ಪಾಲಿಸುತ್ತೋ ಮುರಿಯುತ್ತೋ, ಇಲ್ಲಾ ಎರಡರ ನಡುವೆಯೋ ಅಂತ ನೋಡಿ ಒಂದು ಚೌಕಕ್ಕೆ ಹಾಕಬೇಕಂತೆ.

“ಅಂಕಲ್, ನಮ್ಮೂರಲ್ಲಿ ಒಬ್ಬರು ಪಂಚಾಯ್ತಿ ಮೆಂಬರ್ ಇದಾರೆ. ಕೆರೆ ಜಾಗ ಒತ್ತುವರಿ ಮಾಡಿ, ಮನೆ ಇಲ್ಲದೋರಿಗೆ ಮನೆ ಕಟ್ಟಿಸಿಕೊಟ್ರು. ಎಲ್ಲಿ ಹಾಕ್ಲಿ?”

“ರೂಲ್ಸು ಮುರಿಯೋ ಒಳ್ಳೆಯೋರು,” ಅಂದೆ.

“ಅದ್ರಲ್ಲಿ ಒಂದು ಮನೆ ಸ್ವಂತ ತಮ್ಮನಿಗೆ.”

“ಹಂಗಾದ್ರೆ ಕೆಟ್ಟೋರು.”

“ಮನೆಗಳನ್ನ ಒಡೆಯೋಕೆ ಜೆಸಿಬಿ ಬಂದಾಗ ಅಡ್ಡ ಮಲಗಿದ್ರು.”

ನಾನೊಂದು ಹೇಳಿದರೆ ಅವಳು ಇನ್ನೊಂದು ಸೇರಿಸುತ್ತಿದ್ದಳು. ತಲೆ ಚಿಟ್ಟು ಹಿಡಿಯಿತು. “ನೋಡಮ್ಮ, ಅವನು ಕಳ್ಳ. ಕೆಟ್ಟೋರ ಚೌಕಕ್ಕೆ ಹಾಕಿ ಮುಗಿಸು.”

ಅವಳು ಮೊಬೈಲ್ ಆರಿಸಿದಳು. “ಅವರು ನಮ್ಮಪ್ಪ. ಹಾಸ್ಟೆಲ್ಲಲ್ಲಿ ಫ್ರೆಂಡ್ಸೂ ಅಲ್ಲೇ ಹಾಕಿದ್ರು. ಗುರುತಿಲ್ಲದೋರು ಏನಂತಾರೆ ನೋಡೋಣ ಅಂತ ಕೇಳ್ದೆ.”

“ನಡುವಿನ ಚೌಕಕ್ಕೆ ಹಾಕಮ್ಮ,” ಅಂತ ತಡವರಿಸಿದೆ.

“ಬೇಡ ಅಂಕಲ್. ಈಗ ನಮ್ಮಪ್ಪ ಅಂತ ಗೊತ್ತಾಯ್ತಲ್ಲ, ಅದಕ್ಕೆ ಹಾಗಂತೀರ.”

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಪ್ಪ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇದ್ದ ಒಂದೇ ಹೆಲ್ಮೆಟ್ಟನ್ನು ಮಗಳ ತಲೆಗೆ ಹಾಕಿ, ಅದರ ಪಟ್ಟಿಯನ್ನು ತಾವೇ ಬಿಗಿದರು. ಆಮೇಲೆ ಬರಿತಲೆಯಲ್ಲೇ ಒನ್‌ವೇ ರಸ್ತೆಗೆ ಎದುರುಗಡೆಯಿಂದ ನುಗ್ಗಿದರು. ಹಿಂದೆ ಕೂತಿದ್ದ ಹುಡುಗಿ ನನ್ನ ಕಡೆ ತಿರುಗಿ, ಈಗ ಹೇಳಿ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ನಾನು ಬಹಳ ಅರ್ಜೆಂಟಿದ್ದವನಂತೆ ಮಂಡಿಯ ದಾರಿ ಹಿಡಿದೆ.