ಗೋಡೆ ಕಡೆ ತಿರುಗಿ ಉಂಡ ಮುದ್ದೆ

ಸಾರಿನ ಉಪ್ಪು ನೋಡುವಾಗ ಎಡಗೆನ್ನೆಯ ಒಳಗೆ ಉರಿಯಿತು. ಬಿಡದಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನದು ಅಡುಗೆ ಕೆಲಸ. ಹುಣ್ಣು ಎಂದುಕೊಂಡೆ. ಜೇನುತುಪ್ಪ ಸವರಿದೆ. ಹೋಗಲಿಲ್ಲ.

ಬಯಾಪ್ಸಿ ಮಾಡಿದರು. ಕ್ಯಾನ್ಸರ್.

ಬೆಂಗಳೂರಿನಲ್ಲಿ ಸರ್ಜರಿ, ಆಮೇಲೆ ರೇಡಿಯೇಶನ್. ಹೊಗೆಸೊಪ್ಪು ಹಾಕುತ್ತಿದ್ದೆಯಾ ಎಂದೇ ಎಲ್ಲರೂ ಮೊದಲು ಕೇಳಿದರು, ಕಳ್ಳಿಯನ್ನು ಕೇಳುವ ಹಾಗೆ. ಹಾಕುತ್ತಿದ್ದೆ. ಅತ್ತೆಯೂ ಹಾಕುತ್ತಿದ್ದರು. ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ತಮ್ಮ ಎಲೆಚೀಲವನ್ನು ಒಲೆಗೆ ಹಾಕಿದರು.

ಜೀವ ಉಳಿಯಿತು. ಬಾಯಿ ಮಾತ್ರ ಪೂರ್ತಿ ತೆರೆಯುವುದಿಲ್ಲ. ಕೆಳತುಟಿ ಜೋಮು ಹಿಡಿದಂತೆಯೇ ಇರುತ್ತದೆ. ಸಾರು ಗದ್ದಕ್ಕೆ ಇಳಿದದ್ದು ನನಗೆ ಗೊತ್ತಾಗುವುದು ಎದುರು ಕೂತವರ ಮುಖ ನೋಡಿದಾಗ. ಮುಂಚೆ ಗಂಡಸರು ಉಂಡ ಮೇಲೆ ಅತ್ತೆ, ನಾನು ಎದುರುಬದುರು ಕೂತು ಉಣ್ಣುತ್ತಿದ್ದೆವು. ಈಗ “ನೀವು ಉಂಡ್ಬುಡಿ ಅತ್ತೆ, ನಂಗಿನ್ನೂ ಹಸಿವಿಲ್ಲ” ಎನ್ನುತ್ತಿದ್ದೆ. ಅವರು ಎದ್ದುಹೋದ ಮೇಲೆ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದೆ. ಬಡಿಸುವವಳು ಕೊನೆಗೆ ಉಂಡರೆ ನಮ್ಮಲ್ಲಿ ಯಾರೂ ಏಕೆಂದು ಕೇಳುವುದಿಲ್ಲ.

ಚೆಕಪ್‌ಗೆ ಹೋದಾಗೆಲ್ಲ ರಿಸರ್ಚ್ ಎಂದು ಒಬ್ಬ ಹುಡುಗಿ ಪ್ರಶ್ನೆ ಹಾಕುತ್ತಿದ್ದಳು. ಬ್ರೆಡ್ ತಿಂತೀರಾ? ಚಪಾತಿ? ನಮ್ಮ ಮನೆಯಲ್ಲಿ ಹುಷಾರಾಗಿರುವವರೇ ಬ್ರೆಡ್ ತಿನ್ನುವುದಿಲ್ಲ. ಮುದ್ದೆ ಉಣ್ಣುತ್ತೇನೆ ಎಂದೆ.

“ಹಾಗಾದ್ರೆ ಊಟ ನಾರ್ಮಲ್,” ಎಂದು ಬರೆದುಕೊಂಡಳು.

ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಲ್ಲಿ ಅದ್ದಿ ನುಂಗುವುದು. ನನ್ನ ಪಾಲಿಗೆ ಉಳಿದದ್ದು ಅದೊಂದೇ, ಅದೇ ನಾರ್ಮಲ್ ಆಗಿಹೋಯಿತು.

ಒಂದು ದಿನ ಡಾಕ್ಟರಮ್ಮ ಬಾಯಿ ಕ್ಯಾನ್ಸರಿನವರನ್ನೆಲ್ಲ ಒಂದು ರೂಮಿನಲ್ಲಿ ಕೂರಿಸಿದರು. ಟ್ರೀಟ್‌ಮೆಂಟ್ ಮುಗಿಸಿ ಮನೆಗೆ ಹೋದವರು ನಿಜವಾಗಿ ಹೇಗಿದ್ದಾರೆಂದು ತಿಳಿಯಬೇಕು, ಏನು ಕೇಳಬೇಕೆಂದು ನೀವೇ ಹೇಳಿ ಎಂದರು. ಅಷ್ಟರಲ್ಲಿ ಟ್ರೇ ಬಂತು. ಕಾಫಿ, ಬಿಸ್ಕತ್ತು, ಖಾರದ ಮಿಕ್ಸ್ಚರ್.

ನನಗೆ ಮೈಯೆಲ್ಲ ಉರಿದುಹೋಯಿತು.

“ಬಾಯೇ ತೆಗಿಯಕ್ಕಾಗದವ್ರಿಗೆ ಇದ್ನ ತರ್ಸೋರು, ನಮ್ಮನ್ನ ಏನ್ ಕೇಳೀರಿ?” ಎಂದೆ. ಡಾಕ್ಟರಮ್ಮ ಟ್ರೇ ಆಚೆ ಸರಿಸಿದರು. ನಾನು ಬಿಡಲಿಲ್ಲ. “ಚಪಾತಿ ತಿಂತೀಯಾ ಅಂತ ಕೇಳ್ತೀರಿ. ಮನೆಯೋರ ಜೊತೆ ಕುಂತ್ಕೊಂಡು ಉಣ್ತೀಯಾ ಅಂತ ಒಬ್ರಾದ್ರೂ ಕೇಳಿದ್ರಾ?”

ಮಾಗಡಿ ಕಡೆಯ ಅಜ್ಜ ಒಬ್ಬರು ಬಾಯಿಗೆ ಹಿಡಿದಿದ್ದ ಟವಲು ತೆಗೆಯದೆ, “ನಾನೂ ಕೊಟ್ಟಿಗೇಲಿ ಒಬ್ನೇ ಉಣ್ತೀನಿ ಕಣವ್ವ,” ಎಂದರು.

ಡಾಕ್ಟರಮ್ಮ ಬರೆದುಕೊಂಡರು. ಬರೆದುಕೊಳ್ಳುವುದರಲ್ಲಿ ಇವರೆಲ್ಲ ಹುಷಾರೇ.

ಮುಂದಿನ ಚೆಕಪ್‌ಗೆ ಅತ್ತೆ ಜೊತೆಗೆ ಬಂದಿದ್ದರು. ಅದೇ ಹುಡುಗಿ. ಕೊನೆಯಲ್ಲಿ ಒಂದು ಹೊಸ ಪ್ರಶ್ನೆ: “ಮನೆಯವರ ಜೊತೆ ಕೂತು ಊಟ ಮಾಡ್ತೀರಾ?”

ನಾನೇ ಹೇಳಿಕೊಟ್ಟ ಪ್ರಶ್ನೆ.

ಪಕ್ಕದಲ್ಲೇ ಅತ್ತೆ. ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದೆ.

ಸಂಜೆ ಅತ್ತೆ ಎರಡು ತಟ್ಟೆ ಎದುರುಬದುರು ಇಟ್ಟರು. “ಹಸಿವಿಲ್ಲ ಅಂದೀಯೆ? ಕುಂತ್ಕೊ ಅಮ್ಮಿ. ನಂಗೇನ್ ಹಲ್ಲೈತಾ? ನಂದೂ ಸೋರ್ತದೆ.”

ಕೂತೆ. ಎರಡನೇ ತುತ್ತಿಗೇ ಸಾರು ಇಳಿದಿರಬೇಕು, ಅತ್ತೆಯ ಕಣ್ಣು ನನ್ನ ಗದ್ದದ ಮೇಲೆ ನಿಂತಿತು. ಒರಸಿಕೊಳ್ಳಲು ಸೆರಗು ಎತ್ತಿದೆ.

“ಉಣ್ಣು ಮೊದ್ಲು,” ಎಂದರು.

ಉಂಡೆ. ಮುಂದಿನ ಸಲ ಆ ಹುಡುಗಿಗೆ ಹೂಂ ಎನ್ನಬೇಕಾಗುತ್ತದೆ. ನಾರ್ಮಲ್ ಎಂದು ಬರೆದುಕೊಂಡರೆ ಮಾತ್ರ ನಾನು ಸುಮ್ಮನಿರುವುದಿಲ್ಲ.