ನಮ್ಮ ಮನೆಯ ಕುಕ್ಕರ್ ಕೋರ್ಟಿಗೆ ಹೋದದ್ದು

ಶಿವಾಜಿನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ ಮಳಿಗೆಯಲ್ಲಿ ಕುಕ್ಕರ್, ಮಿಕ್ಸಿ ರಿಪೇರಿ ಮಾಡುವ ಭಾಯ್. ಹದಿನೈದು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವರು ನಾವು. ಒಂದು ಬೆಳಿಗ್ಗೆ ಬಾಂಬ್ ಕೇಸಿನ ಸಂಶಯದ ಮೇಲೆ ಪೊಲೀಸರು ಭಾಯ್ ಅವರನ್ನು ಹಿಡಿದರು. ಅಂಗಡಿಯಲ್ಲಿದ್ದ ಆರು ಕುಕ್ಕರ್, ವೈರು, ಬ್ಯಾಟರಿ ಎಲ್ಲ ಚೀಲಕ್ಕೆ ತುಂಬಿದರು.

ನಮ್ಮ ಬೀದಿಯಲ್ಲಿ ಮಹಜರಿಗೆ ಸಾಕ್ಷಿ ಬೇಕೆಂದರೆ ನನ್ನನ್ನೇ ಕರೆಯುತ್ತಾರೆ. ಕೈಯಲ್ಲಿ ಪೆನ್ನು ಇರುತ್ತದೆ, ಕನ್ನಡ ಓದಲು ಬರುತ್ತದೆ, ಇಲ್ಲ ಎನ್ನಲು ಧೈರ್ಯ ಬರುವುದಿಲ್ಲ. ಜೇಬುಗಳ್ಳತನ, ಕದ್ದ ಮೊಬೈಲು, ಎಲ್ಲಕ್ಕೂ ಸ್ಕೂಟರ್ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದವನು ನಾನು. ಅವತ್ತೂ ಹಾಗೇ ಹಾಕಿದೆ. ಭಾಯ್ ಅಂಗಡಿಯೊಳಗೆ ಕಾಲಿಡಲಿಲ್ಲ, ಬರೆದದ್ದನ್ನು ಓದಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತು ದೊಡ್ಡ ಮಾತಾಡಿದೆ. "ಇಂಥ ಕೇಸ್‌ಗೆಲ್ಲ ಕೋರ್ಟು, ಲಾಯರ್ರು ಯಾಕೆ? ಮಿಲಿಟರಿಯವ್ರ ಕೈಗೆ ಕೊಟ್ಟು ಮುಗಿಸ್ಬೇಕು."

ಹೆಂಡತಿ ಸಾರು ಬಡಿಸುತ್ತಾ, "ನಮ್ ಕುಕ್ಕರ್ ಅವ್ರ ಹತ್ರಾನೇ ಇದ್ಯಲ್ರೀ, ಗ್ಯಾಸ್ಕೆಟ್ ಹಾಕಿಸಕ್ಕೆ ಕೊಟ್ಟಿದ್ದು," ಎಂದಳು.

"ಅಂಗಡಿ ಸೀಲ್ ಆಗಿದೆ, ಮರ್ತ್‌ಬಿಡು," ಎಂದೆ.

ಭಾಯ್ ಜೈಲಿಗೆ ಹೋಗಿ ಮೂರು ವರ್ಷವಾಯಿತು. ಆಗ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂತು. ಹೌದು, ಬಾಂಬಿಗೆ ಕೂಡಿಟ್ಟ ಸಾಮಾನು ನನ್ನ ಎದುರಿಗೇ ಸಿಕ್ಕಿತು ಎಂದು ಹೇಳಿ ಬಂದುಬಿಡುವುದು ಎಂದು ತೀರ್ಮಾನಿಸಿಕೊಂಡೇ ಹೋದೆ. ಸರ್ಕಾರಿ ವಕೀಲರು ಕೇಳಿದಾಗ ಹಾಗೇ ಹೇಳಿದೆ ಕೂಡ. ಕಟಕಟೆಯಲ್ಲಿ ನಿಂತಿದ್ದ ಭಾಯ್ ನನ್ನನ್ನೇ ನೋಡುತ್ತಿದ್ದರು. ನಾನು ಫ್ಯಾನು ನೋಡಿದೆ.

ಆಮೇಲೆ ಭಾಯ್ ಕಡೆಯ ವಕೀಲೆ ಎದ್ದರು. ಚೀಲ ಬಿಚ್ಚಿಸಿ ಆರೂ ಕುಕ್ಕರುಗಳನ್ನು ಮೇಜಿನ ಮೇಲೆ ಇಡಿಸಿದರು. ಒಂದನ್ನು ನನ್ನ ಕೈಗೆ ಕೊಟ್ಟು, "ಬಾಂಬ್ ಮಾಡೋಕೆ ಆರೋಪಿ ಕೂಡಿಟ್ಟಿದ್ದು ಅಂದ್ರಲ್ಲ, ಇದೇನಾ? ಪಕ್ಕದಲ್ಲಿ ಏನೋ ಕೆತ್ತಿದೆ, ಸ್ವಲ್ಪ ಓದಿ," ಎಂದರು.

ನನ್ನ ಹೆಂಡತಿಯ ಹೆಸರು. ಕೆಳಗೆ ನಮ್ಮ ಮದುವೆಯ ತಾರೀಖು. ಅವಳ ತವರಿನವರು ಪಾತ್ರೆ ಅಂಗಡಿಯಲ್ಲೇ ಕೆತ್ತಿಸಿ ಕೊಟ್ಟದ್ದು.

ಜಡ್ಜ್ ಎರಡನೆಯ ಸಲ ಹೇಳಿದ ಮೇಲೆ ಓದಿದೆ.

"ಯಾರ್ರೀ ಇವ್ರು?" ಎಂದು ಜಡ್ಜ್ ಕೇಳಿದರು.

"ನಮ್ಮನೆಯವ್ರು ಸ್ವಾಮಿ. ರಿಪೇರಿಗೆ ಕೊಟ್ಟಿದ್ದು. ನಾನು ಒಳಗೆ ಹೋಗೇ ಇಲ್ಲ. ಓದ್ದೇನೇ ಸಹಿ ಹಾಕ್ಬಿಟ್ಟೆ."

ಜಡ್ಜ್ ನನಗೆ ಎಲ್ಲರೆದುರು ಚೆನ್ನಾಗಿ ಛೀಮಾರಿ ಹಾಕಿದರು. ಬೈಸಿಕೊಳ್ಳುತ್ತಾ ನಿಂತಿದ್ದಾಗಲೇ ಮೂರು ವರ್ಷದ ಭಾರ ಎದೆಯಿಂದ ಇಳಿಯಿತು. ಅಷ್ಟು ಭಾರ ಹೊತ್ತಿದ್ದೆ ಎಂಬುದೂ ಆಗಲೇ ಗೊತ್ತಾದದ್ದು.

ಉಳಿದ ಐದು ಕುಕ್ಕರುಗಳಿಗೂ ಗಿರಾಕಿಗಳು ಬಂದು ಸಾಕ್ಷಿ ಹೇಳಿದರು. ಕೆಲವು ತಿಂಗಳಲ್ಲಿ ಭಾಯ್ ಬಿಡುಗಡೆಯಾದರು. ನಾನು ಬಯಸಿದ್ದಂತೆ ಮಿಲಿಟರಿಯವರು ಬಾಗಿಲು ಹಾಕಿಕೊಂಡು ವಿಚಾರಣೆ ಮುಗಿಸಿದ್ದರೆ ನನ್ನ ಸಹಿಯೊಂದೇ ಸಾಕಾಗುತ್ತಿತ್ತು. ಎಲ್ಲರಿಗೂ ಇರುವ ಕೋರ್ಟಿನಲ್ಲಿ ಒಬ್ಬರು ಎದ್ದು ನಿಂತು ನನ್ನನ್ನು ಪ್ರಶ್ನೆ ಕೇಳಿದ್ದರಿಂದ ಭಾಯ್ ಉಳಿದರು, ನಾನೂ ಉಳಿದೆ. ನಿಜವಾಗಿ ಬಾಂಬ್ ಇಟ್ಟವನು ಸಿಕ್ಕಿದರೂ ಅದೇ ಕಟಕಟೆಯಲ್ಲಿ ನಿಲ್ಲಲಿ, ಅಲ್ಲೇ ಶಿಕ್ಷೆಯಾಗಲಿ ಎಂದು ಈಗ ಊಟಕ್ಕೆ ಕೂತಾಗ ಹೇಳುತ್ತೇನೆ. ಹೆಂಡತಿ ನಗುತ್ತಾಳೆ.

ಭಾಯ್ ಮತ್ತೆ ಅಂಗಡಿ ತೆರೆದ ಮೇಲೆ, ಕೋರ್ಟಿನಿಂದ ಬಿಡಿಸಿಕೊಂಡ ಕುಕ್ಕರ್ ಹಿಡಿದು ಅವರ ಮುಂದೆ ಹೋಗಿ ನಿಂತೆ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಅವರೇ ಕೈ ಚಾಚಿ ಕುಕ್ಕರ್ ತೆಗೆದುಕೊಂಡರು. ನನಗೆ ಅಳುವೇ ಬಂತು, ಅಷ್ಟು ಸಮಾಧಾನವಾಯಿತು. ಗ್ಯಾಸ್ಕೆಟ್ ಹಾಕಿ, ಕೆತ್ತಿದ ಹೆಸರಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗಿಟ್ಟರು.

"ಅವತ್ತು ಒಂದ್ ಹೆಜ್ಜೆ ಒಳಗೆ ಬಂದಿದ್ರೆ ಕಾಣಿಸ್ತಿತ್ತು ಸಾರ್, ಭಾಭಿ ಹೆಸರು," ಎಂದರು.